ಟಿಎಚ್‌ಪಿ-1 ಮೀಡಿಯಮ್‌ನಲ್ಲಿ ಐಎಲ್-1 ಬೀಟಾ ಇಲ್ಲ, ಆದರೂ ಎ549ರಲ್ಲಿ ಸ್ಟ್ಯಾಟ್3 ಏರುತ್ತಿದೆ

ಪೆಟ್ರಿತಟ್ಟೆ: ಟಿಎಚ್‌ಪಿ-1 ಕೋಶಗಳಿಗೆ (ಮಾನವ ರಕ್ತಕ್ಯಾನ್ಸರಿನ ಮೊನೋಸೈಟ್‌ಗಳು) ಮ್ಯಾಕ್ರೋಫೇಜ್ ಆಗಲೆಂದು 100 ನ್ಯಾನೋಮೋಲಾರ್ ಪಿಎಂಎ 48 ಗಂಟೆ, ಆಮೇಲೆ ಒಂದು ದಿನ ಪಿಎಂಎ ಇಲ್ಲದ ಮೀಡಿಯಮ್. ನಂತರ ಮಿ.ಲೀ.ಗೆ 1 ಮೈಕ್ರೋಗ್ರಾಂ ಎಲ್‌ಪಿಎಸ್ (ಬ್ಯಾಕ್ಟೀರಿಯಾ ಹೊರಪದರದ ಅಂಶ), 24 ಗಂಟೆ. ಪ್ರತಿಕಾಯ ಬಳಸಿ ಪ್ರೋಟೀನ್ ಅಳೆಯುವ ಎಲಿಸಾದಲ್ಲಿ ಉರಿಯೂತದ ಸಂಕೇತ ಪ್ರೋಟೀನ್‌ಗಳಲ್ಲಿ ಟಿಎನ್‌ಎಫ್ ಧಾರಾಳವಾಗಿದೆ, ಐಎಲ್-1 ಬೀಟಾ ಹೆಸರಿಗಷ್ಟೇ. ಆದರೂ ಇದೇ ಮೀಡಿಯಮ್ ಹಾಕಿದರೆ 4 ಗಂಟೆಯಲ್ಲಿ ಎ549ರಲ್ಲಿ (ಶ್ವಾಸಕೋಶದ ಕ್ಯಾನ್ಸರ್ ಕೋಶಗಳು) ಫಾಸ್ಫೋ-ಸ್ಟ್ಯಾಟ್3, ಅಂದರೆ ಜೀನ್‌ಗಳನ್ನು ನಿಯಂತ್ರಿಸುವ ಸ್ಟ್ಯಾಟ್3 ಪ್ರೋಟೀನಿನ ಚುರುಕಾದ ರೂಪ, ಏರುತ್ತದೆ. ಇದನ್ನು ಇನ್‌ಫ್ಲಮಸೋಮ್‌ನ (ಐಎಲ್-1 ಬೀಟಾವನ್ನು ಪಕ್ವಗೊಳಿಸುವ ಕೋಶದೊಳಗಿನ ಪ್ರೋಟೀನ್ ಕೂಟ) ಪರಿಣಾಮ ಎನ್ನಬಹುದೇ?

ಎರಡನೇಸಂಕೇತ: ಆಗದು. ಎಲ್‌ಪಿಎಸ್ ಮೊದಲ ಸಂಕೇತ ಮಾತ್ರ. ಉರಿಯೂತದ ಜೀನ್‌ಗಳನ್ನು ಚಾಲೂ ಮಾಡುವ ಎನ್‌ಎಫ್-ಕಪ್ಪಾಬಿ ಮೂಲಕ ಐಎಲ್-1 ಬೀಟಾದ 31 ಕಿಲೋಡಾಲ್ಟನ್ನಿನ ಪ್ರೋ-ರೂಪ (ಕತ್ತರಿಸದ ರೂಪ) ತಯಾರಾಗಿ ಕೋಶದೊಳಗೇ ಉಳಿಯುತ್ತದೆ. ಅದನ್ನು ಕ್ಯಾಸ್ಪೇಸ್-1 ಕಿಣ್ವ ಕತ್ತರಿಸಲು ಇನ್‌ಫ್ಲಮಸೋಮ್‌ನ ಸಂವೇದಕ ಎನ್‌ಎಲ್‌ಆರ್‌ಪಿ3 ಎಚ್ಚೆತ್ತುಕೊಳ್ಳಬೇಕು, ಅದಕ್ಕೆ ಎರಡನೇ ಸಂಕೇತ ಬೇಕು. ಎಲ್‌ಪಿಎಸ್ ಅನ್ನು 3–4 ಗಂಟೆಗೆ ಇಳಿಸಿ, ಎರಡು ಸಲ ತೊಳೆದು, ಸೀರಮ್ ಇಲ್ಲದ ಹೊಸ ಮೀಡಿಯಮ್‌ನಲ್ಲಿ ಆ ಎರಡನೇ ಸಂಕೇತವಾಗಿ 10 ಮೈಕ್ರೋಮೋಲಾರ್ ನಿಜೆರಿಸಿನ್ (ಕೋಶದ ಪೊಟ್ಯಾಸಿಯಂ ಹೊರಹಾಕುವ ರಾಸಾಯನಿಕ) ಕೊಡಿ, 1 ಗಂಟೆ ಸಾಕು. ತಟ್ಟೆಯ ಒಂದು ಬಾವಿಗೆ ಎನ್‌ಎಲ್‌ಆರ್‌ಪಿ3 ತಡೆಯುವ ಎಂಸಿಸಿ950 ಅರ್ಧ ಗಂಟೆ ಮೊದಲೇ ಹಾಕಿಡಿ. ಅಲ್ಲಿ ಐಎಲ್-1 ಬೀಟಾ ಕಡಿಮೆಯಾಗದಿದ್ದರೆ ಎನ್‌ಎಲ್‌ಆರ್‌ಪಿ3 ಹೆಸರೆತ್ತುವಂತಿಲ್ಲ. ಎಲಿಸಾ ಒಂದನ್ನೇ ನಂಬಬೇಡಿ, ಸತ್ತ ಕೋಶದಿಂದ ಸೋರಿದ ಪ್ರೋ-ರೂಪವನ್ನೂ ಹಲವು ಕಿಟ್‌ಗಳು ಎಣಿಸಿಬಿಡುತ್ತವೆ. ಪ್ರೋಟೀನ್‌ಗಳನ್ನು ಗಾತ್ರದಂತೆ ಬೇರ್ಪಡಿಸಿ ತೋರಿಸುವ ವೆಸ್ಟರ್ನ್ ಬ್ಲಾಟ್‌ನಲ್ಲಿ ಕತ್ತರಿಸಿದ ರೂಪದ 17 ಕಿಲೋಡಾಲ್ಟನ್ ಪಟ್ಟಿ ಕಾಣಬೇಕು.

ಕಪ್ಪಾಬಿ: ಸ್ಟ್ಯಾಟ್3 ಪ್ರಶ್ನೆಯೇ ಬೇರೆ. ಐಎಲ್-1 ಗ್ರಾಹಕ ನೇರವಾಗಿ ಸ್ಟ್ಯಾಟ್3 ಮುಟ್ಟುವುದಿಲ್ಲ. ಅದರ ದಾರಿ ಮೈಡಿ88 ಎಂಬ ಕೊಂಡಿ ಪ್ರೋಟೀನ್, ಆಮೇಲೆ ಎನ್‌ಎಫ್-ಕಪ್ಪಾಬಿ. ಅಲ್ಲಿಂದ ಹುಟ್ಟಿದ ಐಎಲ್-6 ಎಂಬ ಇನ್ನೊಂದು ಸಂಕೇತ ಪ್ರೋಟೀನ್ ಹೊರಬಂದು ಅದೇ ಕೋಶದ ಗ್ರಾಹಕಕ್ಕೆ ಅಂಟಿ, ಜಾಕ್ ಕೈನೇಸ್ ಮೂಲಕ ಸ್ಟ್ಯಾಟ್3ರ ಟೈರೋಸಿನ್ 705ಕ್ಕೆ ಫಾಸ್ಫೇಟ್ ಕೂರಿಸುತ್ತದೆ. ಅದಕ್ಕೆ ಗಂಟೆಗಳೇ ಬೇಕು. ನಿಮ್ಮ ಮೀಡಿಯಮ್‌ನಲ್ಲಿ ಮ್ಯಾಕ್ರೋಫೇಜ್‌ಗಳ ಐಎಲ್-6 ಮೊದಲೇ ಇದ್ದರೆ 15–30 ನಿಮಿಷದಲ್ಲೇ ಏರುತ್ತದೆ. ಆದ್ದರಿಂದ 15, 30, 60, 240 ನಿಮಿಷಗಳಲ್ಲಿ ಕೋಶ ಒಡೆದು, ಎನ್‌ಎಫ್-ಕಪ್ಪಾಬಿಯನ್ನು ಹಿಡಿದಿಡುವ ಐಕಪ್ಪಾಬಿ-ಆಲ್ಫಾವನ್ನೂ ಜೊತೆಗೆ ನೋಡಿ. ಅದು ಮೊದಲ ಅರ್ಧ ಗಂಟೆಯಲ್ಲಿ ಕರಗಿ ಮತ್ತೆ ಬರುತ್ತದೆ. 4 ಗಂಟೆಗೆ ಮಾತ್ರ ನೋಡಿದರೆ ಏನೂ ಆಗಿಲ್ಲವೆಂದೇ ಕಾಣುತ್ತದೆ. ಐಎಲ್-6 ಗ್ರಾಹಕವನ್ನು ತಡೆಯುವ ಪ್ರತಿಕಾಯ ಟೊಸಿಲಿಜುಮಾಬ್ ಹಾಕಿದಾಗ ಸ್ಟ್ಯಾಟ್3 ಇಳಿದರೆ ಐಎಲ್-6 ಎಂದು ಖಾತ್ರಿ.

ಪೆಟ್ರಿತಟ್ಟೆ: ನಿಜೆರಿಸಿನ್ ಉಳಿದುಕೊಂಡು ಎ549ಗಳನ್ನೇ ಕೊಲ್ಲುವುದಿಲ್ಲವೇ?

ಎರಡನೇಸಂಕೇತ: ಕೊಲ್ಲಬಹುದು. 3 ಕಿಲೋಡಾಲ್ಟನ್ ಫಿಲ್ಟರ್‌ನಲ್ಲಿ ಸೋಸಿ, ಹೊಸ ಮೀಡಿಯಮ್ ತುಂಬಿ ಮತ್ತೊಮ್ಮೆ ಸೋಸಿ. ಸೀರಮ್ ಬೇಡವೆಂದದ್ದು ಇದಕ್ಕೂ ಹೌದು: ಆಲ್ಬುಮಿನ್‌ಗೆ ಅಂಟಿದ ನಿಜೆರಿಸಿನ್ ಮೇಲೆಯೇ ಉಳಿಯುತ್ತದೆ. ಎಲ್‌ಪಿಎಸ್ ಮಾತ್ರ ಸೋಸಿದರೆ ಹೋಗದು. ಮ್ಯಾಕ್ರೋಫೇಜ್ ಇಲ್ಲದ ಖಾಲಿ ಬಾವಿಗೂ ಇದೇ ಉಪಚಾರ ಮಾಡಿ, ಆ ಮೀಡಿಯಮ್ಮನ್ನೂ ಎ549ಗೆ ಹಾಕಿ ನೋಡಿ. ಇನ್ನೊಂದು, ಪೈರಾಪ್ಟೋಸಿಸ್‌ನಲ್ಲಿ (ಇನ್‌ಫ್ಲಮಸೋಮ್‌ನಿಂದ ಕೋಶ ಒಡೆದು ಸಾಯುವುದು) ಐಎಲ್-1 ಆಲ್ಫಾ ಕೂಡ ಹೊರಬೀಳುತ್ತದೆ. ಐಎಲ್-1 ಗ್ರಾಹಕವನ್ನು ಮುಚ್ಚುವ ಅನಾಕಿನ್ರಾ ಆಲ್ಫಾ, ಬೀಟಾ ಎರಡನ್ನೂ ತಡೆಯುತ್ತದೆ. ಬೀಟಾ ಎಂದೇ ಹೇಳಬೇಕಿದ್ದರೆ ಕನಕಿನುಮಾಬ್‌ನಂಥ ಬೀಟಾಗಷ್ಟೇ ಅಂಟುವ ಪ್ರತಿಕಾಯ ಬೇಕು.

ಕಪ್ಪಾಬಿ: ಕನಕಿನುಮಾಬ್ ಎಂದದ್ದಕ್ಕೆ ಒಂದು ಮಾತು. ಪ್ರಬಂಧದ ಪೀಠಿಕೆಯಲ್ಲಿ ಎಲ್ಲರೂ 2017ರ ಕ್ಯಾಂಟೋಸ್ ಪ್ರಯೋಗವನ್ನು ತರುತ್ತಾರೆ: ಹೃದಯಾಘಾತವಾಗಿದ್ದ 10,061 ಜನರ ಪೈಕಿ ಕನಕಿನುಮಾಬ್ ಪಡೆದವರಲ್ಲಿ ಶ್ವಾಸಕೋಶದ ಕ್ಯಾನ್ಸರ್ ಕಡಿಮೆಯಾಗಿತ್ತು. ಆದರೆ ಶ್ವಾಸಕೋಶದ ಕ್ಯಾನ್ಸರ್ ಆಗಲೇ ಬಂದಿದ್ದವರ ಮೇಲೆ ಇದೇ ಔಷಧದಿಂದ ನಡೆದ ಕ್ಯಾನೋಪಿ ಸರಣಿಯ ಮೂರನೇ ಹಂತದ ಪ್ರಯೋಗಗಳು ಮುಖ್ಯ ಗುರಿ ಮುಟ್ಟಲಿಲ್ಲ. ಎ549 ಬೆಳೆದು ನಿಂತ ಕ್ಯಾನ್ಸರಿನ ಕೋಶ, ನಿಮ್ಮ ಫಲಿತಾಂಶವನ್ನು ಎರಡನೆಯದರ ಪಕ್ಕದಲ್ಲೇ ಇಡಬೇಕಾಗುತ್ತದೆ.