‘ಬ್ರೌನ್ ಶುಗರ್’ ಹಾಡಿನ ಸ್ಯಾಕ್ಸೋಫೋನ್ ಊದಿದ ಬಾಬಿ ಕೀಸ್ ಬಗ್ಗೆ ತಿಳಿದವರು ಹೇಳಿ

ಹೊಸಕೊಳಲು:
ರೋಲಿಂಗ್ ಸ್ಟೋನ್ಸ್ ತಂಡದ ಈ ಹಾಡಿನ ನಡುವೆ ಬರುವ ಸ್ಯಾಕ್ಸೋಫೋನ್ ಬಾಬಿ ಕೀಸ್ ಅವರದು ಎಂದು ಓದಿದೆ. ಆದರೆ ತಂಡದ ಸದಸ್ಯರ ಪಟ್ಟಿಯಲ್ಲಿ ಅವರ ಹೆಸರಿಲ್ಲ. ಕರೆದಾಗ ಬಂದು ನುಡಿಸಿ ಹೋಗುತ್ತಿದ್ದವರೇ? ನಾನು ಟೆನರ್ ಸ್ಯಾಕ್ಸೋಫೋನ್ ಕಲಿಯುತ್ತಿದ್ದೇನೆ. ಅವರದರಲ್ಲಿ ಮೊದಲು ಯಾವುದನ್ನು ಕೇಳಬೇಕು?

ಟೆನರ್‌ಪ್ರಿಯ:
ಸದಸ್ಯರಲ್ಲ, ನಿಜ. ಆದರೆ ಬಂದು ಹೋದವರು ಎನ್ನಲು ನನಗೆ ಮನಸ್ಸು ಒಪ್ಪುವುದಿಲ್ಲ. ಕೀಸ್ ಹುಟ್ಟಿದ್ದು 1943ರ ಡಿಸೆಂಬರ್ 18ರಂದು, ಟೆಕ್ಸಾಸ್‌ನಲ್ಲಿ. ಸ್ಟೋನ್ಸ್‌ನ ಗಿಟಾರ್ ವಾದಕ ಕೀತ್ ರಿಚರ್ಡ್ಸ್ ಇಂಗ್ಲೆಂಡಿನಲ್ಲಿ ಹುಟ್ಟಿದ್ದೂ ಅದೇ ದಿನ! 1964ರಲ್ಲಿ ಸ್ಯಾನ್ ಆಂಟೋನಿಯೋದಲ್ಲಿ ತಂಡದ ಪರಿಚಯವಾಯಿತು. ಅವರ ರೆಕಾರ್ಡಿಗೆ ಊದಿದ್ದು 1969ರಲ್ಲಿ, ‘ಲಿವ್ ವಿತ್ ಮಿ’ ಹಾಡಿಗೆ. ಮುಂದಿನ ಐದು ವರ್ಷ ನೋಡಿ: ಗಾಯಕ ಜೋ ಕಾಕರ್ ಜೊತೆ ಅಮೆರಿಕ ಪ್ರವಾಸ, ಜಾರ್ಜ್ ಹ್ಯಾರಿಸನ್ ಅವರ ‘ಆಲ್ ಥಿಂಗ್ಸ್ ಮಸ್ಟ್ ಪಾಸ್’ ಆಲ್ಬಂ, ಸ್ಟೋನ್ಸ್‌ನ ‘ಸ್ಟಿಕಿ ಫಿಂಗರ್ಸ್’, ‘ಎಕ್ಸೈಲ್ ಆನ್ ಮೇನ್ ಸ್ಟ್ರೀಟ್’ ಆಲ್ಬಂಗಳು. 1974ರಲ್ಲಿ ಜಾನ್ ಲೆನನ್ ಅವರ ‘ವಾಟೆವರ್ ಗೆಟ್ಸ್ ಯು ಥ್ರೂ ದ ನೈಟ್’. ಬೀಟಲ್ಸ್ ಒಡೆದ ಮೇಲೆ, ಲೆನನ್ ಬದುಕಿದ್ದಾಗ, ಅಮೆರಿಕದಲ್ಲಿ ಮೊದಲ ಸ್ಥಾನಕ್ಕೇರಿದ ಅವರ ಒಂದೇ ಹಾಡು ಅದು. ಅದರಲ್ಲಿ ಮೊದಲಿನಿಂದ ಕೊನೆಯವರೆಗೂ ಕೀಸ್ ಇದ್ದಾರೆ.

ಕಲಿಯುವವರು ‘ಕ್ಯಾಂಟ್ ಯು ಹಿಯರ್ ಮಿ ನಾಕಿಂಗ್’ನಿಂದ ಶುರುಮಾಡಬೇಕು ಎಂಬುದು ನನ್ನ ಗಟ್ಟಿ ಅಭಿಪ್ರಾಯ. ‘ಸ್ಟಿಕಿ ಫಿಂಗರ್ಸ್’ನಲ್ಲಿರುವ ಏಳು ನಿಮಿಷದ ಹಾಡು. ಸಾಹಿತ್ಯ ಮೂರು ನಿಮಿಷದೊಳಗೆ ಮುಗಿಯುತ್ತದೆ, ಕೊಂಗಾ ಡೋಲು ಉಳಿಯುತ್ತದೆ, ಆಗ ಕೀಸ್ ಬರುತ್ತಾರೆ. ಅವಸರವೇ ಇಲ್ಲ. ಒಂದು ಸಣ್ಣ ಮಾತು ಊದಿ ಬಿಡುತ್ತಾರೆ, ಲಯ ಒಂದು ಸುತ್ತು ಹೋಗಲು ಬಿಡುತ್ತಾರೆ, ಮತ್ತೆ ಇನ್ನೊಂದು. ತಂಡದ ಮಿಕ್ ಟೇಲರ್ ಗಿಟಾರ್ ಎತ್ತಿಕೊಳ್ಳುವ ಹೊತ್ತಿಗೆ ನೆಲ ಹದವಾಗಿರುತ್ತದೆ. ಬೆರಳಿನ ವೇಗ ತೋರಿಸುವ ವಾದಕರು ಸಾವಿರ ಜನ ಸಿಗುತ್ತಾರೆ. ಇಷ್ಟು ಜಾಗ ಬಿಟ್ಟು ಊದುವ ಧೈರ್ಯ ಅಪರೂಪ.

ಹಳೆಯರೆಕಾರ್ಡ್:
ಟೆನರ್‌ಪ್ರಿಯ ಅವರ ಮಾತಿಗೆ ಸೇರಿಸುತ್ತೇನೆ. ಈ ದಾರಿ ತೋರಿಸಿದ ಸ್ಯಾಕ್ಸೋಫೋನ್ ವಾದಕ ಕಿಂಗ್ ಕರ್ಟಿಸ್ ಅವರನ್ನು ಬಿಟ್ಟು ಕೀಸ್ ಅವರನ್ನು ಕೇಳಬೇಡಿ. 1958ರ ‘ಯಾಕೆಟಿ ಯಾಕ್’ ಮತ್ತು ಅರೀಥಾ ಫ್ರಾಂಕ್ಲಿನ್ ಅವರ ‘ರೆಸ್ಪೆಕ್ಟ್’ನಲ್ಲಿ ಊದಿರುವುದು ಕರ್ಟಿಸ್. 1971ರ ಆಗಸ್ಟಿನಲ್ಲಿ ನ್ಯೂಯಾರ್ಕಿನಲ್ಲಿ ಇರಿತಕ್ಕೆ ಬಲಿಯಾದಾಗ ಅವರಿಗೆ 37 ವರ್ಷ. ಇಂದಿಗೂ ಸಂಕಟವಾಗುತ್ತದೆ.

ಹೊಸಕೊಳಲು:
ಇಬ್ಬರಿಗೂ ಧನ್ಯವಾದ. ಇಷ್ಟು ದೊಡ್ಡ ಹಾಡುಗಳಿಂದ ಕೀಸ್ ಅವರಿಗೆ ಜೀವನಪೂರ್ತಿ ಹಣ ಬಂದಿರಬೇಕಲ್ಲವೇ?

ಟೆನರ್‌ಪ್ರಿಯ:
ಹಾಗೆ ನಡೆಯುವುದಿಲ್ಲ. ಸ್ಟುಡಿಯೋದ ಪಕ್ಕವಾದ್ಯದವರಿಗೆ ಸಾಮಾನ್ಯವಾಗಿ ಆ ಹೊತ್ತಿನ ಸಂಭಾವನೆಯಷ್ಟೇ. ಹಾಡು ಬರೆದವರಿಗೆ ಬರುವ ರಾಯಲ್ಟಿ, ಅಂದರೆ ಹಾಡಿನ ಗಳಿಕೆಯ ಪಾಲು, ಇವರಿಗಿಲ್ಲ; ಜನ ಗುನುಗುವ ಸೋಲೋವನ್ನು (ಒಬ್ಬರೇ ನುಡಿಸುವ ಭಾಗವನ್ನು) ಸ್ಥಳದಲ್ಲೇ ಕಟ್ಟಿದರೂ ಅದು ‘ರಚನೆ’ ಎಂದು ಲೆಕ್ಕಕ್ಕೆ ಬರುವುದು ಕಡಿಮೆ. ಇದು ಅನ್ಯಾಯ ಎಂದೇ ನನ್ನ ನಂಬಿಕೆ. ಹಾಗಾಗಿ ಪ್ರವಾಸವೇ ಅನ್ನ. ಅದಕ್ಕೇ 1973ರ ಯುರೋಪ್ ಪ್ರವಾಸದ ನಡುವೆ, ಚಟಗಳ ದೆಸೆಯಿಂದ, ತಂಡದಿಂದ ಹೊರಬಿದ್ದದ್ದು ಕೀಸ್ ಅವರಿಗೆ ದೊಡ್ಡ ಪೆಟ್ಟಾಯಿತು. ರಿಚರ್ಡ್ಸ್ ಕೈಬಿಡಲಿಲ್ಲ. 1989ರ ಪ್ರವಾಸಕ್ಕೆ ಕೀಸ್ ಮರಳಿದರು, 2014ರಲ್ಲಿ ಆರೋಗ್ಯ ಕೈಕೊಡುವವರೆಗೂ ತಂಡದ ಜೊತೆ ಊದಿದರು. ಅದೇ ಡಿಸೆಂಬರ್ 2ರಂದು ತೀರಿಕೊಂಡರು.

‘ನಾಕಿಂಗ್’ ಕೈಗೆ ಹತ್ತಿದ ಮೇಲೆ ‘ಎಕ್ಸೈಲ್’ನಲ್ಲಿರುವ ‘ರಿಪ್ ದಿಸ್ ಜಾಯಿಂಟ್’ಗೆ ಹೋಗಿ. ಅದು ಮೂರು ನಿಮಿಷವೂ ಇಲ್ಲದ ಓಟ. ಮೊದಲು ಕಾಲಿನಲ್ಲಿ ತಾಳ ಹಾಕುತ್ತ ಬರೀ ಕೇಳಿ, ವಾದ್ಯ ಆಮೇಲೆ ಎತ್ತಿಕೊಳ್ಳಿ.