ಗೀಸರ್ ಎದುರು ಗೋಡೆಗೆ ಹೋಗಬೇಕು, ಇರುವ ವೈರ್‌ಗೆ ಜಾಯಿಂಟ್ ಹಾಕಬಹುದಾ?

ಪ್ರಶ್ನೆ (ಹನುಮಂತನಗರದಿಂದ):
ನಮಸ್ಕಾರ ಅಣ್ಣ. ನಮ್ಮದು ಅಪ್ಪ ಕಟ್ಟಿಸಿದ ಮನೆ, ಮೂವತ್ತು ವರ್ಷ ದಾಟಿದೆ. ಬಚ್ಚಲುಮನೆ ಟೈಲ್ಸ್ ಕಿತ್ತು ಹೊಸದು ಹಾಕಿಸುತ್ತಿದ್ದೇವೆ. ಅಮ್ಮನಿಗೆ ಮಂಡಿನೋವು, ನಿಂತು ಸ್ನಾನ ಮಾಡೋಕೆ ಆಗಲ್ಲ. ಅವರು ಕೂರಲಿ ಅಂತ ಒಂದು ಕಟ್ಟೆ ಕಟ್ಟಿಸಿದರೆ, ಅದು ಸರಿಯಾಗಿ ಗೀಸರ್ ಕೆಳಗೇ ಬರುತ್ತದೆ. ಅದಕ್ಕೆ ಗೀಸರನ್ನು ಎದುರು ಗೋಡೆಗೆ ಹಾಕಿಸಬೇಕು. 15 ಲೀಟರ್, 2000 ವ್ಯಾಟ್‌ದು. ದೂರ ಎಂಟು ಅಡಿ ಅಷ್ಟೇ. ಟೈಲ್ಸ್ ಮೇಸ್ತ್ರಿ, "ಇರೋ ವೈರ್‌ಗೇ ಇನ್ನೊಂದು ತುಂಡು ಸುತ್ತಿ, ಟೇಪ್ ಹಾಕಿ, ಮೇಲೆ ಪ್ಲಾಸ್ಟರ್ ಮಾಡ್ಬಿಡೋಣ, ಅರ್ಧ ಗಂಟೆ ಕೆಲಸ" ಅನ್ನುತ್ತಾರೆ. ಮಾಡಿಸಬಹುದಾ? ಶುಕ್ರವಾರ ಟೈಲ್ಸ್ ಕೂರಿಸುವವರು ಬರುತ್ತಾರೆ.

ಉತ್ತರ (ಎಲೆಕ್ಟ್ರಿಷಿಯನ್):
ಬೇಡಮ್ಮ. ಗೋಡೆ ಒಳಗೆ ಜಾಯಿಂಟ್ ಬೇಡವೇ ಬೇಡ. ಶುಕ್ರವಾರದ ಕೆಲಸ ಎರಡು ದಿನ ಮುಂದೆ ಹೋದರೂ ಪರವಾಗಿಲ್ಲ.

ಯಾಕೆ ಅಂತ ಹೇಳುತ್ತೇನೆ. 2000 ವ್ಯಾಟ್ ಗೀಸರ್ 230 ವೋಲ್ಟ್‌ನಲ್ಲಿ ಸುಮಾರು 8.7 ಆಂಪ್ಸ್ ಎಳೆಯುತ್ತದೆ. ನಿಮ್ಮ ಬಚ್ಚಲುಮನೆ ಲೈಟಿನ ಹತ್ತಾರು ಪಟ್ಟು ಜಾಸ್ತಿ. ಬೆಳಿಗ್ಗೆ ಹಾಕಿದಾಗ ಸುತ್ತಿದ ಜಾಗ ಬಿಸಿಯಾಗುತ್ತದೆ, ಆರಿಸಿದಾಗ ತಣ್ಣಗಾಗುತ್ತದೆ. ದಿನಾ ಹೀಗೇ ಹಿಗ್ಗಿ ಕುಗ್ಗಿ ಬಿಗಿ ಸಡಿಲವಾಗುತ್ತದೆ. ಸಡಿಲವಾದಷ್ಟೂ ಇನ್ನೂ ಬಿಸಿ. ಟೇಪಿನ ಅಂಟು ಒಣಗಿ ಬಿಟ್ಟುಕೊಳ್ಳುತ್ತದೆ. ಬಚ್ಚಲುಮನೆ ಗೋಡೆಯಲ್ಲಿ ತೇವ ಇದ್ದೇ ಇರುತ್ತದೆ ಅಲ್ವಾ? ಮೇಲೆ ಟೈಲ್ಸ್ ಬಂದ ಮೇಲೆ ಅದು ಯಾರ ಕಣ್ಣಿಗೂ ಬೀಳುವುದಿಲ್ಲ.

ಮಾಡಬೇಕಾದ್ದು ಇಷ್ಟು. ಬಾಗಿಲ ಹೊರಗಿನ ಗೀಸರ್ ಸ್ವಿಚ್ ಅಲ್ಲೇ ಇರಲಿ. ಆ ಸ್ವಿಚ್ಚಿನಿಂದ ಹೊಸ ಜಾಗದವರೆಗೆ ತುಂಡಿಲ್ಲದ ಹೊಸ ವೈರ್ ಪೈಪ್ ಒಳಗೆ ಎಳೆಸಿ. ಫೇಸ್ (ಕರೆಂಟ್ ಬರುವ ವೈರ್), ನ್ಯೂಟ್ರಲ್ (ಕರೆಂಟ್ ವಾಪಸ್ ಹೋಗುವ ವೈರ್), ಅರ್ತ್ (ಸೋರಿದ ಕರೆಂಟನ್ನು ನೆಲಕ್ಕೆ ಒಯ್ಯುವ ವೈರ್), ಮೂರೂ. ತಾಮ್ರದ್ದು, 2.5 ಸ್ಕ್ವೇರ್ ಎಂಎಂ. ಸ್ವಿಚ್ಚಿನಿಂದ ಹಿಂದಕ್ಕೆ ಡಿಬಿವರೆಗೆ (ಮನೆಯ ಎಲ್ಲ ವೈರ್ ಹೊರಡುವ ಪೆಟ್ಟಿಗೆ) ಇರುವ ಹಳೇ ವೈರನ್ನೂ ನೋಡಿಸಿ. ವೈರ್ ಮೇಲೆ ಸಣ್ಣ ಅಕ್ಷರದಲ್ಲಿ ಅಳತೆ ಅಚ್ಚಾಗಿರುತ್ತದೆ. ಮೊಬೈಲ್ ಟಾರ್ಚ್ ಬಿಟ್ಟು ಬಟ್ಟೆಯಲ್ಲಿ ಒರೆಸಿದರೆ ಕಾಣುತ್ತದೆ. ಅಲ್ಲಿ 1.5 ಅಂತ ಇದ್ದರೆ ಅದನ್ನೂ ಬದಲಾಯಿಸಿ. ಗೀಸರ್‌ಗೆ ಬೇರೆಯೇ ಎಂಸಿಬಿ (ಜಾಸ್ತಿ ಕರೆಂಟ್ ಹರಿದರೆ ತಾನೇ ಬೀಳುವ ಸ್ವಿಚ್) ಇರಬೇಕು, 16 ಆಂಪ್ಸ್ ಸಾಕು.

ಗೋಡೆ ಕೊರೆಯುವುದು ಅಡ್ಡ ಅಥವಾ ನೆಟ್ಟಗೆ, ಓರೆಯಾಗಿ ಖಂಡಿತ ಬೇಡ. ಮುಂದೆ ಟವೆಲ್ ರಾಡ್‌ಗೆ ಡ್ರಿಲ್ ಹಾಕುವವರು ವೈರ್ ಎಲ್ಲಿದೆ ಅಂತ ಊಹಿಸುವ ಹಾಗಿರಬೇಕು. ಪ್ಲಾಸ್ಟರ್‌ಗೆ ಮುಂಚೆ ಅಳತೆ ಟೇಪ್ ಹಿಡಿದು, ನೆಲದಿಂದ ಎಷ್ಟು, ಮೂಲೆಯಿಂದ ಎಷ್ಟು ಅಂತ ಕಾಣುವ ಹಾಗೆ ಫೋಟೋ ತೆಗೆದಿಡಿ. ಹೊಸ ಸಾಕೆಟ್ 16 ಆಂಪ್ಸ್‌ದು, ಮೇಲೆ ಇರಲಿ, ಶವರ್ ನೀರು ಬೀಳುವ ಜಾಗದಿಂದ ಪಕ್ಕಕ್ಕೆ ಎರಡು ಅಡಿಯಾದರೂ ದೂರ.

ಹಳೇ ಪಾಯಿಂಟ್‌ನ ವೈರ್ ತುದಿಯನ್ನು ಗೋಡೆಯಲ್ಲಿ ಹಾಗೇ ಹೂತು ಬಿಡಬೇಡಿ. ಸ್ವಿಚ್ಚಿನ ಹತ್ತಿರ ಬಿಚ್ಚಿ ಹೊರಗೆ ಎಳೆದುಬಿಡಬೇಕು.

ಗೀಸರ್ ತೂಕವೂ ನೆನಪಿರಲಿ. 15 ಲೀಟರ್ ಅಂದರೆ ನೀರೇ 15 ಕೆಜಿ, ಅದರ ಮೇಲೆ ಟ್ಯಾಂಕ್. ಪ್ಲಾಸ್ಟಿಕ್ ಪ್ಲಗ್ ಸಾಲದು, ಆಂಕರ್ ಬೋಲ್ಟ್ ಬೇಕು. ಬಿಸಿನೀರಿನ ಪೈಪ್ ಸಿಪಿವಿಸಿ (ಬಿಸಿ ತಡೆಯುವ ಪ್ಲಾಸ್ಟಿಕ್) ಆಗಿರಲಿ, ಸಾದಾ ಪಿವಿಸಿ ಬಿಸಿಗೆ ಬಗ್ಗುತ್ತದೆ.

ಇದು ಮೇಸ್ತ್ರಿ ಕೆಲಸ ಅಲ್ಲಮ್ಮ. ಅವರು ಟೈಲ್ಸ್ ಚೆನ್ನಾಗಿ ಕೂರಿಸಲಿ. ವೈರಿಂಗ್‌ಗೆ ವಿದ್ಯುತ್ ಪರಿವೀಕ್ಷಣಾಲಯದ ಲೈಸೆನ್ಸ್ ಇರುವವರನ್ನೇ ಕರೆಸಿ.

ಇನ್ನೊಬ್ಬರ ಪ್ರಶ್ನೆ (ಕೆಂಗೇರಿಯಿಂದ):
ಸರ್, ನಮ್ಮದು ಬಾಡಿಗೆ ಮನೆ. ಗೋಡೆ ಕೊರೆಯೋಕೆ ಓನರ್ ಒಪ್ಪಲ್ಲ. 3000 ವ್ಯಾಟ್ ಇನ್‌ಸ್ಟಂಟ್ ಗೀಸರ್ ಸಿಂಕ್ ಕಡೆಗೆ ಬೇಕು. ಎಕ್ಸ್‌ಟೆನ್ಷನ್ ಬೋರ್ಡ್ ಹಾಕಿಕೊಂಡರೆ ನಡೆಯುತ್ತಾ?

ಉತ್ತರ:
ನಡೆಯುವುದಿಲ್ಲ ಸರ್. 3000 ವ್ಯಾಟ್ ಅಂದರೆ 13 ಆಂಪ್ಸ್. ಅಂಗಡಿಯಲ್ಲಿ ಸಿಗುವ ಸಾಮಾನ್ಯ ಬೋರ್ಡ್ 6 ಆಂಪ್ಸ್‌ದು. ಮೊದಲು ಪಿನ್ ಸುತ್ತ ಪ್ಲಾಸ್ಟಿಕ್ ಕಂದುತ್ತದೆ, ಆಮೇಲೆ ಕರಗುತ್ತದೆ. ಗೀಸರ್ ಇದ್ದಲ್ಲೇ ಇರಲಿ, ನೀರನ್ನು ಸಿಂಕ್‌ಗೆ ತನ್ನಿ. ಗೋಡೆ ಮೇಲೇ ಕ್ಲ್ಯಾಂಪ್ ಹಾಕಿ ಸಿಪಿವಿಸಿ ಪೈಪ್ ಎಳೆದರೆ ಆಯಿತು. ಶುರುವಿನಲ್ಲಿ ಸ್ವಲ್ಪ ತಣ್ಣೀರು ಬರುತ್ತದೆ, ಬಕೆಟ್‌ಗೆ ಹಿಡಿದುಕೊಳ್ಳಿ.

ಹನುಮಂತನಗರದವರು ಮತ್ತೆ:
ಅಣ್ಣ, ನೀವು ಹೇಳಿದ ಹಾಗೆ ಎಲೆಕ್ಟ್ರಿಷಿಯನ್ ಕರೆಸಿದೆ. ಹಳೇ ಸಾಕೆಟ್ ಬಿಚ್ಚಿದರೆ ಅರ್ತ್‌ನ ಹಸಿರು ವೈರ್ ಇಲ್ಲವೇ ಇಲ್ಲ. ಅರ್ತ್ ಪಿನ್ನಿನಿಂದ ನ್ಯೂಟ್ರಲ್ ಪಿನ್ನಿಗೆ ಎರಡು ಇಂಚಿನ ಕಪ್ಪು ವೈರ್ ತುಂಡು ಸಿಕ್ಕಿಸಿದ್ದಾರೆ. ಅವರು ನೋಡಿದವರೇ ಮೇನ್ ಆಫ್ ಮಾಡಿಸಿದರು. ಇಷ್ಟು ವರ್ಷ ಏನೂ ಆಗಿಲ್ಲವಲ್ಲ, ಇದು ಅಷ್ಟು ಅಪಾಯಾನಾ?

ಉತ್ತರ:
ತುಂಬಾ ಅಪಾಯ. ಬಂದವರು ಸರಿಯಾದ ಕೆಲಸ ಮಾಡಿದ್ದಾರೆ. ಇಷ್ಟು ವರ್ಷ ಏನೂ ಆಗಲಿಲ್ಲ ಅಂದರೆ ನ್ಯೂಟ್ರಲ್ ಎಲ್ಲೂ ಕಡಿದುಹೋಗಿರಲಿಲ್ಲ ಅಂತ ಅಷ್ಟೇ. ಒಂದು ದಿನ ಸ್ವಿಚ್ಚಿನಲ್ಲೋ ಡಿಬಿಯಲ್ಲೋ ನ್ಯೂಟ್ರಲ್ ಬಿಟ್ಟುಹೋಯಿತು ಅನ್ನಿ. ಫೇಸ್ ಕರೆಂಟ್ ನೀರು ಕಾಯಿಸುವ ಕಾಯಿಲ್ ದಾಟಿ ನ್ಯೂಟ್ರಲ್ ಪಿನ್ನಿಗೆ ಬರುತ್ತದೆ, ಮುಂದೆ ದಾರಿ ಇಲ್ಲ. ಆ ಎರಡು ಇಂಚಿನ ತುಂಡಿನ ಮೂಲಕ ಗೀಸರ್ ಮೈಗೇ ಬರುತ್ತದೆ. ಮೈಯಿಂದ ಲೋಹದ ಪೈಪಿಗೆ, ನಲ್ಲಿಗೆ. ಅಮ್ಮ ಒದ್ದೆ ಕಟ್ಟೆ ಮೇಲೆ ಕೂತು ನಲ್ಲಿ ಮುಟ್ಟಿದರೆ ಏನಾಗುತ್ತದೆ ಅಂತ ನಾನು ಬರೆಯುವುದಿಲ್ಲ. ಎಂಸಿಬಿಗೆ ಇದು ಗೊತ್ತೂ ಆಗುವುದಿಲ್ಲ.

ಆ ತುಂಡು ತೆಗೆಸಿ. ಡಿಬಿಯ ಅರ್ತ್ ಪಟ್ಟಿಯಿಂದ ಗೀಸರ್‌ವರೆಗೆ ಹೊಸ ಹಸಿರು ವೈರ್ ಬರಲಿ. ಹಳೇ ಮನೆಯಲ್ಲಿ ಆ ಪಟ್ಟಿಗೂ ಹೊರಗೆ ನೆಲದಲ್ಲಿರುವ ಅರ್ತ್ ಗುಂಡಿಗೂ ಸಂಪರ್ಕ ಇದೆಯಾ ಅಂತಲೂ ನೋಡಬೇಕು. ಕಾಂಪೌಂಡ್‌ಗೆ ಟೈಲ್ಸ್ ಹಾಕುವಾಗ ಗುಂಡಿ ಮುಚ್ಚಿರುತ್ತಾರೆ, ಮಣ್ಣು ಒಣಗಿರುತ್ತದೆ. ಅರ್ತ್ ಟೆಸ್ಟರ್ ಇಟ್ಟು ಅಳೆಯಲು ಹೇಳಿ. ನಾನು 5 ಓಮ್ ಒಳಗೆ ಬರುವವರೆಗೂ ಬಿಡುವುದಿಲ್ಲ.

ಡಿಬಿಯಲ್ಲಿ 30 ಮಿಲಿಆಂಪ್ಸ್ ಆರ್‌ಸಿಸಿಬಿ (ಕರೆಂಟ್ ಸೋರಿದರೆ ತಾನೇ ಬೀಳುವ ಸ್ವಿಚ್) ಇಲ್ಲದಿದ್ದರೆ ಈಗಲೇ ಹಾಕಿಸಿ. ಟೈಲ್ಸ್‌ನಲ್ಲಿ ಒಂದು ಡಬ್ಬ ಕಡಿಮೆ ರೇಟಿನದು ತೆಗೆದುಕೊಂಡಾದರೂ ಹಾಕಿಸಿ.

ಹನುಮಂತನಗರದವರು:
ಆರ್‌ಸಿಸಿಬಿ ಇರಲಿಲ್ಲ, ಹೇಳಿದ್ದೇನೆ. ಟೈಲ್ಸ್ ಸೋಮವಾರಕ್ಕೆ ಹೋಯಿತು. ಗೀಸರ್ ಕೂರಿಸಿದ ಮೇಲೆ ಮೊದಲ ಸಲ ಆನ್ ಮಾಡುವಾಗ ಏನು ನೋಡಬೇಕು ಅಣ್ಣ?

ಉತ್ತರ:
ಮೊದಲು ನೀರು, ಆಮೇಲೆ ಕರೆಂಟ್. ಬಿಸಿನೀರಿನ ನಲ್ಲಿ ತೆರೆದಿಟ್ಟು, ಗಾಳಿಯ ಬುಸ್‌ಬುಸ್ ನಿಂತು ಒಂದೇ ಸಮ ನೀರು ಬರುವವರೆಗೆ ಕಾಯಿರಿ. ಟ್ಯಾಂಕ್ ಖಾಲಿ ಇದ್ದಾಗ ಸ್ವಿಚ್ ಹಾಕಿದರೆ ಕಾಯಿಲ್ ಸುಟ್ಟುಹೋಗುತ್ತದೆ. ಆಮೇಲೆ ಆರ್‌ಸಿಸಿಬಿಯ ಟೆಸ್ಟ್ ಬಟನ್ ಒತ್ತಿ, ಟಕ್ ಅಂತ ಬೀಳಬೇಕು. ಬಿದ್ದರೆ ಎತ್ತಿ ಸ್ವಿಚ್ ಹಾಕಿ. 15 ಲೀಟರ್ ಕಾಯಲು ಇಪ್ಪತ್ತು ನಿಮಿಷ ಬೇಕು. ಅಮ್ಮ ಸ್ನಾನಕ್ಕೆ ಕೂರುವ ಮುಂಚೆ ಸ್ವಿಚ್ ಆರಿಸಿ.