ಸಹಿ ಮಾಡಲು ಕಲಿತ ಮೇಲೂ ಓದನ್ನು ಮುಂದುವರಿಸುವವರನ್ನು ಪ್ರೇರೇಪಿಸುವುದು ಯಾವುದು?

ಪ್ರಶ್ನೆ – ಸ್ವಯಂಸೇವಕಿ, ಶಿರಾ
ನಮ್ಮ ಊರಿನಲ್ಲಿ ಸಂಜೆಯ ಹೊತ್ತು ವಯಸ್ಕರಿಗೆ ಓದುಬರಹ ಕಲಿಸುತ್ತಿದ್ದೇನೆ. ಇನ್ನು ಹೆಬ್ಬೆಟ್ಟು ಒತ್ತಬಾರದೆಂಬ ಹಟದಿಂದ ಬರುವ ಹೆಂಗಸರು ಸಹಿ ಮಾಡುವುದನ್ನು ಬಹುಬೇಗ ಕಲಿಯುತ್ತಾರೆ. ಆದರೆ ಅನಂತರ ಹೆಚ್ಚಿನವರು ಬರುವುದನ್ನು ನಿಲ್ಲಿಸುತ್ತಾರೆ, ಕೆಲವರು ಮಾತ್ರ ಮಳೆಯಿರಲಿ, ಹೊಲದ ಕೆಲಸವಿರಲಿ, ತಪ್ಪದೆ ಬರುತ್ತಾರೆ. ಆ ಕೆಲವರಲ್ಲಿರುವ ಆಸಕ್ತಿಯನ್ನು ಉಳಿದವರಲ್ಲಿಯೂ ಹುಟ್ಟಿಸಲು ಸಾಧ್ಯವೇ?

ಉತ್ತರ – ನಿವೃತ್ತ ಅಧ್ಯಾಪಕ, ಮೈಸೂರು
ಅಮೆರಿಕದ ಶಿಕ್ಷಣತಜ್ಞ ಸಿರಿಲ್ ಹೌಲ್ ಅವರು ಕಲಿಕೆಯನ್ನು ಬಿಡದ 22 ಮಂದಿ ವಯಸ್ಕರನ್ನು ಮಾತನಾಡಿಸಿ, 1961ರಲ್ಲಿ ತಮ್ಮ ವಿವೇಚನೆಯನ್ನು ಪ್ರಕಟಿಸಿದರು. ಕೆಲವರು ನಿರ್ದಿಷ್ಟ ಗುರಿಗಾಗಿ, ಕೆಲವರು ತರಗತಿಯಲ್ಲಿ ದೊರೆಯುವ ಒಡನಾಟಕ್ಕಾಗಿ, ಇನ್ನು ಕೆಲವರು ತಿಳಿವಳಿಕೆಯ ಮೇಲಿನ ಪ್ರೀತಿಗಾಗಿಯೇ ಕಲಿಯುತ್ತಾರೆ ಎಂಬುದು ಅವರು ಕಂಡುಕೊಂಡ ವಿಂಗಡಣೆ. ಸಹಿಗಾಗಿ ಬಂದವರು ತಮ್ಮ ಗುರಿಯನ್ನು ಮುಟ್ಟಿದ್ದಾರೆ. ಅವರನ್ನು ಓದು ಬಿಟ್ಟವರೆಂದು ಎಣಿಸುವುದು ಅನ್ಯಾಯವಾದೀತು. ಅವರಿಗೆ ಬೇಕಾಗಿರುವುದು ಉಪದೇಶವಲ್ಲ, ಮುಂದಿನ ಗುರಿ.

ಉತ್ತರ – ಕನ್ನಡ ಶಿಕ್ಷಕಿ, ಕಾಸರಗೋಡು
ಮುಂದಿನ ಗುರಿ ಹೇಗೆ ಹುಟ್ಟುತ್ತದೆ ಎಂಬುದಕ್ಕೆ ನಮ್ಮ ರಾಜ್ಯದ ಕಾರ್ತ್ಯಾಯನಿ ಅಮ್ಮನವರನ್ನು ನೆನೆಯುತ್ತೇನೆ. ಆಲಪ್ಪುಳ ಜಿಲ್ಲೆಯ ಅವರು 2018ರಲ್ಲಿ, ತಮ್ಮ 96ನೆಯ ವಯಸ್ಸಿನಲ್ಲಿ, ಕೇರಳದ ಸಾಕ್ಷರತಾ ಪರೀಕ್ಷೆಯಲ್ಲಿ 100ಕ್ಕೆ 98 ಅಂಕ ಗಳಿಸಿದರು. ಆ ವಯಸ್ಸಿನಲ್ಲಿ ನೌಕರಿಯ ಆಸೆಯಿರಲು ಸಾಧ್ಯವಿಲ್ಲ. ಮಗಳು ದೊಡ್ಡವಳಾದ ಮೇಲೆ ಓದಿ ತೇರ್ಗಡೆಯಾದದ್ದನ್ನು ಅವರು ಮನೆಯಲ್ಲಿಯೇ ಕಂಡಿದ್ದರು. ಒಂದು ಪರೀಕ್ಷೆ ಮುಗಿದೊಡನೆ ಕಂಪ್ಯೂಟರ್ ಕಲಿಯುವ ಬಯಕೆಯನ್ನೂ ಹೇಳಿದರು. ತಮ್ಮಂಥವರೇ ಕಲಿಯುವುದನ್ನು ಹತ್ತಿರದಿಂದ ನೋಡುವುದಕ್ಕಿಂತ ದೊಡ್ಡ ಪ್ರೇರಣೆ ನನಗೆ ಕಂಡಿಲ್ಲ.

ಉತ್ತರ – ಸ್ವಸಹಾಯ ಸಂಘದ ಸದಸ್ಯೆ, ಹಾವೇರಿ
ಹಿರಿಯರಿಬ್ಬರ ಮಾತನ್ನೂ ಒಪ್ಪುತ್ತೇನೆ. ಆದರೆ ಅಕ್ಕಾವರೇ, ತರಗತಿ ಯಾವ ಹೊತ್ತಿಗೆ ನಡೆಯುತ್ತದೆ ಎಂಬುದನ್ನೂ ಗಮನಿಸಿ. ರೊಟ್ಟಿ ಬಡಿಯುವ ಹೊತ್ತಿಗೆ ಕರೆದರೆ ಎಂಥ ಆಸಕ್ತಿಯಿದ್ದರೂ ಬರಲಾಗದು. ನಮ್ಮ ಸಂಘದಲ್ಲಿ ಉಳಿತಾಯ ಮತ್ತು ಸಾಲದ ಲೆಕ್ಕ ಬರೆಯುವ ಕೆಲಸವನ್ನು ಸರದಿಯಂತೆ ಹಂಚಿಕೊಂಡೆವು. ತನ್ನ ಸರದಿ ಬರುವುದೆಂದು ತಿಳಿದವಳು ಕೂಡುವ ಲೆಕ್ಕವನ್ನು ತಾನಾಗಿಯೇ ಕೇಳಿ ಕಲಿತಳು. ಪಾಸ್‌ಬುಕ್ಕಿನಲ್ಲಿರುವ ಬಡ್ಡಿಯನ್ನು ಇನ್ನೊಬ್ಬಳಿಗೆ ಓದಿ ಹೇಳಿದ ಮೇಲಂತೂ ಅವಳು ಒಂದು ದಿನವೂ ತಪ್ಪಿಸಲಿಲ್ಲ. ನಿಮ್ಮ ಊರಿನಲ್ಲಿ ಸ್ತ್ರೀಶಕ್ತಿ ಸಂಘವಿದ್ದರೆ, ಅದರ ವಾರದ ಸಭೆಯ ದಿನವೇ, ಅದೇ ಜಾಗದಲ್ಲಿ, ಅದೇ ಪುಸ್ತಕಗಳನ್ನು ಇಟ್ಟುಕೊಂಡು ಪಾಠ ಆರಂಭಿಸಿ ನೋಡಿ.